ಶನಿವಾರ ಹತ್ತು ಗಂಟೆಯ ಮ್ಯಾಚು

ನನ್ನ ಗಂಡನಿಗೆ ಕಣ್ಣಿನ ನಡುಭಾಗದ ದೃಷ್ಟಿ ಹೋಗಿ ಒಂದು ವರ್ಷವಾಗಿತ್ತು. ಅವರು ನಲವತ್ತು ವರ್ಷದಿಂದ ಇನ್ನೊಮ್ಮೆ ನೋಡಬೇಕೆಂದು ಹಂಬಲಿಸುತ್ತಿದ್ದ ಮೈದಾನ ಆಗ ಅಮೆರಿಕದ ಸೆಂಟರ್‌ವಿಲ್‌ನ ನಮ್ಮ ಮನೆಯ ಟಿವಿಗೆ ಬಂತು.

2020ರ ಚಳಿಗಾಲ ಅದು. ಕೋವಿಡ್‌ನಿಂದಾಗಿ ಸ್ಕಾಟ್ಲೆಂಡಿನಲ್ಲಿ ಫುಟ್ಬಾಲ್ ನೋಡುವುದಕ್ಕೆ ಜನರನ್ನು ಬಿಡುತ್ತಿರಲಿಲ್ಲ. ಹಾಗಾಗಿ ಉತ್ತರದ ಸಣ್ಣ ಊರುಗಳ ಕ್ಲಬ್ಬುಗಳು ಕೂಡ ಛಾವಣಿಗೊಂದು ಕ್ಯಾಮೆರಾ ಕಟ್ಟಿ ಇಂಟರ್ನೆಟ್ಟಿನಲ್ಲಿ ಆಟ ತೋರಿಸತೊಡಗಿದ್ದವು. ಈ ವಿಷಯ ತಿಳಿಸಲು, ನಾವು ಹಿಂದೆ ಇದ್ದ ಅಂಥದೊಂದು ಊರಿನಿಂದ ಇವರ ಹಳೆಯ ಸ್ನೇಹಿತರೊಬ್ಬರು ಫೋನ್ ಮಾಡಿದರು. ಒಂದು ಕಾಲಕ್ಕೆ ಅವರು ಆ ಊರಿನ ಕ್ಲಬ್ಬಿನ ಗೋಲ್‌ಕೀಪರ್. ಕಸುಬಿನಲ್ಲಿ ಬಡಗಿ. ಈಗ ವಯಸ್ಸಾಗಿ ಮೈದಾನದ ಹುಲ್ಲು ನೋಡಿಕೊಳ್ಳುತ್ತಿದ್ದರು.

"ಡಾಕ್, ಶನಿವಾರ ಟಿವಿ ಹಾಕು. ನಾವೂ ಟಿವಿಯಲ್ಲಿ ಬರ್ತೀವಿ," ಅಂದರಂತೆ.

ಇವರು ಫೋನಿಟ್ಟು ಜೋರಾಗಿ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, "ನೀನೇ ನೋಡಿ ಹೇಳಬೇಕು ಕಣೇ," ಅಂದರು.

ನನಗೆ ಫುಟ್ಬಾಲ್ ಅಂದರೆ ಆಗುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಆ ಊರು ಅಂದರೆ ಆಗುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ಮೈಸೂರಿನಿಂದ ನೇರ ಅಲ್ಲಿಗೆ ಹೋದವರು. ಇವರಿಗೆ ಅಲ್ಲಿನ ಸಣ್ಣ ಆಸ್ಪತ್ರೆಯಲ್ಲಿ ಡಾಕ್ಟರ್ ಕೆಲಸ ಸಿಕ್ಕಿತ್ತು. ಸಮುದ್ರದ ದಂಡೆಯ ಮೀನುಗಾರರ ಊರು, ಬೂದು ಕಲ್ಲಿನ ಮನೆಗಳು, ದಿನವಿಡೀ ಗಾಳಿ. ಸೀರೆ ಉಟ್ಟು ಹೊರಗೆ ಹೋದರೆ ಸೆರಗು ಹಿಡಿಯುವುದಕ್ಕೇ ಒಂದು ಕೈ ಬೇಕು. ಒಂದು ಸಂಜೆ ಆ ಗೋಲ್‌ಕೀಪರ್ ಬೆರಳಿನ ಕೀಲು ತಪ್ಪಿಸಿಕೊಂಡು ಆಸ್ಪತ್ರೆಗೆ ಬಂದರು. ಇವರು ಎಳೆದು ಕೂರಿಸಿದರು. "ಪ್ರತಿ ವಾರ ನಾವು ಇಷ್ಟು ದೂರ ಬರೋ ಬದಲು ನೀನೇ ಶನಿವಾರ ಮೈದಾನಕ್ಕೆ ಬಂದು ನಿಂತ್ಕೋ," ಅಂದರಂತೆ ಆತ. ಇವರು ನಿಜವಾಗಿಯೂ ಹೋದರು. ಕ್ರಿಕೆಟ್ ಬಿಟ್ಟು ಬೇರೆ ಆಟ ಗೊತ್ತಿಲ್ಲದ ಮನುಷ್ಯ ಔಷಧದ ಬ್ಯಾಗ್ ಹಿಡಿದು ಗೆರೆಯಾಚೆ ನಿಲ್ಲತೊಡಗಿದರು.

ಅದು ದೊಡ್ಡ ಫುಟ್ಬಾಲ್ ಅಲ್ಲ. ದೇಶದ ದೊಡ್ಡ ಡಿವಿಷನ್‌ಗಳಿಗೆಲ್ಲ ಕೆಳಗಿದ್ದ, ಉತ್ತರದ ಊರುಗಳು ತಮ್ಮ ತಮ್ಮಲ್ಲೇ ಆಡಿಕೊಳ್ಳುವ ಒಂದು ಲೀಗ್. ಒಂದು ಮೀನಿನ ಊರು, ಒಂದು ವಿಸ್ಕಿ ಕಾಯಿಸುವ ಊರು, ಇನ್ನೊಂದು ಸಂತೆಯ ಊರು, ಹೀಗೆ. ವಾರವೆಲ್ಲ ಅಂಚೆ ಹಂಚುವವರು, ಪಾಠ ಹೇಳುವವರು, ದೋಣಿ ರಿಪೇರಿ ಮಾಡುವವರು ಶನಿವಾರ ಮಧ್ಯಾಹ್ನ ಬಣ್ಣದ ಅಂಗಿ ತೊಟ್ಟು ಕೆಸರಿಗಿಳಿಯುತ್ತಿದ್ದರು. ಒಳ್ಳೆ ಆಟಗಾರ ಸಮುದ್ರದ ಎಣ್ಣೆ ಬಾವಿಗೆ ಡ್ಯೂಟಿಗೆ ಹೋದರೆ ಆ ವಾರ ತಂಡ ಸೋತಿತೆಂದೇ ಲೆಕ್ಕ. ಇಲ್ಲಿ ಅಮೆರಿಕದಲ್ಲಿ ಕನ್ನಡದ ಹುಡುಗರು, "ಇಂಗ್ಲೆಂಡಿನ ಯಾವ ದೊಡ್ಡ ಕ್ಲಬ್ ಫಾಲೋ ಮಾಡ್ತೀರಾ ಅಂಕಲ್?" ಅಂತ ಕೇಳಿದರೆ ಇವರು ಆ ಊರಿನ ಹೆಸರು ಹೇಳುತ್ತಿದ್ದರು. ಹುಡುಗರು ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಆ ಊರಿನಲ್ಲಿ ನಮ್ಮ ಎರಡನೆಯ ಚಳಿಗಾಲದಲ್ಲಿ ನನಗೆ ಹೆಣ್ಣು ಮಗು ಹುಟ್ಟಿತು. ತಿಂಗಳು ತುಂಬಿರಲಿಲ್ಲ. ಎರಡು ದಿನವೂ ಉಳಿಯಲಿಲ್ಲ. ನಾನು ಆಸ್ಪತ್ರೆಯ ಹಾಸಿಗೆಯಿಂದ ಏಳುವ ಸ್ಥಿತಿಯಲ್ಲಿರಲಿಲ್ಲ. ಅಪ್ಪ ಅಮ್ಮ ಮೈಸೂರಿನಲ್ಲಿ, ಪುರೋಹಿತರ ಮಾತಂತೂ ದೂರ. ಎಳೆ ಮಗುವನ್ನು ಸುಡುವುದಿಲ್ಲ, ಮಣ್ಣು ಮಾಡಬೇಕು ಅನ್ನುವುದಷ್ಟೇ ಇವರಿಗೆ ಗೊತ್ತಿತ್ತು. ಗೋಲ್‌ಕೀಪರ್ ತಮ್ಮ ಕೆಲಸದ ಶೆಡ್ಡಿನಲ್ಲಿ ಪುಟ್ಟದೊಂದು ಪೆಟ್ಟಿಗೆ ಮಾಡಿಕೊಟ್ಟರು. ಮೈದಾನದ ಗೋಡೆಯಾಚೆ ಒಂದು ದಿಬ್ಬ, ಊರಿನ ಸಮಾಧಿಗಳೆಲ್ಲ ಅಲ್ಲೇ. ಕ್ಲಬ್ಬಿನ ಆಟಗಾರರು ಕೆಲಸ ಬಿಟ್ಟು ಬಂದು ಗಾಳಿಯಲ್ಲಿ ಟೋಪಿ ಕಳಚಿ ನಿಂತಿದ್ದರಂತೆ. ಗೋಲ್‌ಕೀಪರರ ಹೆಂಡತಿ ನನ್ನ ಪಕ್ಕ ಕೂತರು. ನಾನು ಮಾಂಸ ತಿನ್ನುವುದಿಲ್ಲ ಅಂತ ಯಾರನ್ನೋ ಕೇಳಿ ತಿಳಿದುಕೊಂಡು, ಬಾರ್ಲಿ, ಕ್ಯಾರೆಟ್ ಹಾಕಿ ಸೂಪ್ ಮಾಡಿ ತಂದಿದ್ದರು. ನಾನು ಕುಡಿಯಲಿಲ್ಲ. ಅವರು ಅದು ತಣ್ಣಗಾಗುವ ತನಕ ಬಟ್ಟಲನ್ನು ತೊಡೆಯ ಮೇಲೆ ಹಿಡಿದುಕೊಂಡೇ ಇದ್ದರು.

ಮರುವರ್ಷ ನಾವು ಅಮೆರಿಕಕ್ಕೆ ಬಂದೆವು. ಇಲ್ಲಿ ಇನ್ನೊಬ್ಬ ಮಗಳು ಹುಟ್ಟಿದಳು, ಬೆಳೆದಳು, ಶಾರ್ಲೆಟ್‌ನಲ್ಲಿ ಕೆಲಸಕ್ಕೆ ಸೇರಿದಳು. ಸ್ಕಾಟ್ಲೆಂಡಿನ ಆ ಮಗುವಿನ ಮಾತು ನಮ್ಮ ಮನೆಯಲ್ಲಿ ಬರಲೇ ಇಲ್ಲ. ಇವರು ಮಾತ್ರ ಶನಿವಾರ ಮಧ್ಯಾಹ್ನ ಗೋಲ್‌ಕೀಪರ್‌ಗೆ ಫೋನ್ ಮಾಡಿ ಸ್ಕೋರ್ ಕೇಳುತ್ತಿದ್ದರು. ಫೋನ್ ಹಿಡಿದು ಬೇಸ್‌ಮೆಂಟಿಗೆ ಇಳಿದು ಹೋಗುತ್ತಿದ್ದರು. ಗಂಡಸರ ಆಟದ ಹುಚ್ಚು ಅಂತ ನಾನು ನನ್ನ ಪಾಡಿಗೆ ಇರುತ್ತಿದ್ದೆ.

ಆ ಮೊದಲ ಶನಿವಾರ ಅಲ್ಲಿ ಮಧ್ಯಾಹ್ನ ಮೂರು, ನಮಗೆ ಬೆಳಿಗ್ಗೆ ಹತ್ತು. ಇವರು ಕುರ್ಚಿಯನ್ನು ಟಿವಿಗೆ ತೀರ ಹತ್ತಿರ ಎಳೆದುಕೊಂಡು, ಓರೆ ನೋಟದಲ್ಲಿ ಸಿಕ್ಕಷ್ಟು ಸಿಗಲಿ ಅಂತ ಮುಖ ಪಕ್ಕಕ್ಕೆ ತಿರುಗಿಸಿ ಕೂತರು.

"ನಮ್ಮವರು ಯಾರ್ರೀ? ಕೆಂಪಾ, ಬಿಳೀನಾ?"

"ಕೆಂಪು."

"ಹಾಗಾದ್ರೆ ಬಿಳಿಯವರು ಓಡ್ತಿದ್ದಾರೆ. ನಮ್ಮವರು ನಿಂತು ನೋಡ್ತಿದ್ದಾರೆ."

"ಅದು ಹಾಗೇ ಇರತ್ತೆ. ಮುಂದೆ ಹೇಳು."

ಮೂಲೆಯಿಂದ ಒದೆಯುವ ಒಂದು ಕಾರ್ನರ್ ಸಿಕ್ಕಿತು. ಕ್ಯಾಮೆರಾ ಬಲಗಡೆ ವಾಲಿತು. ಗೋಲ್‌ಪೋಸ್ಟಿನ ಹಿಂದೆ ಕಲ್ಲಿನ ಗೋಡೆ. ಗೋಡೆಯಾಚೆ ಹಸಿರು ದಿಬ್ಬ, ಅದರ ತುಂಬ ಬೂದು ಕಲ್ಲುಗಳು. ನನ್ನ ಮಾತು ನಿಂತುಹೋಯಿತು.

ಇವರು ಮೆಲ್ಲಗೆ ಕೇಳಿದರು, "ಕಾಣ್ತಾ?"

"ಹೂಂ."

"ಹೇಗಿದೆ?"

"ಹುಲ್ಲು ಕತ್ತರಿಸಿದ್ದಾರೆ. ಮೇಲುಗಡೆ ಒಂದು ಮರ ಇದೆ."

"ಮರದ ಕೆಳಗೆ, ಎಡಕ್ಕೆ. ಅಲ್ಲೇ," ಅಂದರು. "ಪ್ರತಿ ಶನಿವಾರ ಮ್ಯಾಚ್ ಮುಗಿದ ಮೇಲೆ ಅವನು ಹತ್ತಿ ಹೋಗಿ ನೋಡಿ ಬರ್ತಾನೆ. ನಾನು ಫೋನಿನಲ್ಲಿ ಸ್ಕೋರ್ ಕೇಳಿ ಆಮೇಲೆ ಅದನ್ನ ಕೇಳ್ತಿದ್ದೆ."

ನನಗೆ ಕೋಪ ಬಂತು. ಅಳುವಿಗಿಂತ ಮೊದಲು ಬಂದದ್ದು ಕೋಪ. "ಇಷ್ಟು ವರ್ಷ ನನಗೆ ಒಂದು ಮಾತು ಹೇಳಬಾರದಿತ್ತಾ?"

"ಆ ಊರಿನ ಹೆಸರೆತ್ತಿದರೆ ನೀನು ಎದ್ದು ಹೋಗ್ತಿದ್ದೆ. ಹೇಗೆ ಹೇಳಲಿ?"

ಅದು ನಿಜವೇ. ನಾನು ಅಡುಗೆಮನೆಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ಅಷ್ಟರಲ್ಲಿ ಅಲ್ಲಿ ಬೆಳಕು ಇಳಿಯುತ್ತಿತ್ತು. ಆ ಕಡೆ ಚಳಿಗಾಲದಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು. ಎರಡನೆಯ ಅರ್ಧದ ಆಟಕ್ಕೆ ದೊಡ್ಡ ದೀಪಗಳು ಹತ್ತಿಕೊಂಡವು, ಮೈದಾನ ಮಾತ್ರ ಉಳಿಯಿತು, ದಿಬ್ಬ ಕಪ್ಪಾಗಿ ಮಾಯವಾಯಿತು. ಇವರಿಗೆ ಆಟ ಬೇಕಿತ್ತು, ಹೇಳುತ್ತಾ ಹೋದೆ. ನಮ್ಮವರು ಸೋತರು.

ಮುಂದಿನ ಶನಿವಾರಗಳಲ್ಲಿ ಮೊದಲರ್ಧವೇ ನನಗೆ ಮುಖ್ಯವಾಯಿತು. ಚೆಂಡು ಎಡಗಡೆ ಇದ್ದರೆ ಬಲಗಡೆ ಹೋಗಲಿ ಅನಿಸುತ್ತಿತ್ತು. ಆಫ್‌ಸೈಡ್ ಅಂದರೇನು ಅಂತ ಇವರು ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿ ಇಟ್ಟು ಕಲಿಸಿದರು. ಮದುವೆಯಾಗಿ ಅಷ್ಟು ವರ್ಷಗಳಲ್ಲಿ ನಾವು ಒಂದೇ ಕಡೆ ಮುಖ ಮಾಡಿ ಕೂತು ಅಷ್ಟು ಮಾತಾಡಿದ್ದು ಆಗಲೇ.

ಹೊಸ ವರ್ಷ ಬಂದ ಮೇಲೆ ಕೋವಿಡ್ ಹೆಚ್ಚಾಗಿ ಲೀಗನ್ನೇ ನಿಲ್ಲಿಸಿಬಿಟ್ಟರು. ಆ ತಿಂಗಳೇ ಗೋಲ್‌ಕೀಪರ್‌ಗೂ ಕೋವಿಡ್ ಬಂತು. ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. ಅವರ ಹೆಂಡತಿ ಫೋನ್ ಮಾಡಿ, ಮಣ್ಣಿಗೆ ಇಪ್ಪತ್ತು ಜನರಿಗಿಂತ ಹೆಚ್ಚು ಬಿಡಲಿಲ್ಲ, ಕ್ಲಬ್ಬಿನವರು ರಸ್ತೆಯ ಎರಡೂ ಬದಿ ದೂರ ದೂರ ನಿಂತಿದ್ದರು ಅಂದರು. ಇವರು ಫೋನ್ ನನ್ನ ಕೈಗೆ ಕೊಟ್ಟರು. ನಲವತ್ತು ವರ್ಷಗಳ ನಂತರ ನಾನು ಆ ಹೆಂಗಸಿನ ಜೊತೆ ಮಾತಾಡಿದೆ.

"ನಾನು ನಿಮ್ಮ ಸೂಪ್ ಕುಡಿಯಲಿಲ್ಲ," ಅಂದೆ.

"ಪಾಪ, ನಿನಗೆಲ್ಲಿ ಸೇರುತ್ತಿತ್ತು?" ಅಂದರು ಅವರು.

ಲೀಗ್ ಮತ್ತೆ ಶುರುವಾದ ಮೇಲೆ ಕ್ಯಾಮೆರಾ ಉಳಿಯಿತು, ಆದರೆ ತಂಡ ದಿನದಿಂದ ದಿನಕ್ಕೆ ಸೊರಗಿತು. ಹುಡುಗರು ಊರು ಬಿಡುತ್ತಿದ್ದರು. ಇವರ ಹೃದಯವೂ ಸೊರಗಿತು. ಫೇರ್‌ಫ್ಯಾಕ್ಸ್‌ನ ಆಸ್ಪತ್ರೆಗೆ ಎರಡು ಸಲ ಸೇರಿಸಿ ಬಂದದ್ದಾಯಿತು. ಒಂದು ಸಲ ಸ್ಕಾಟ್ಲೆಂಡಿಗೆ ಹೋಗಿ ಬರಬೇಕು ಅಂದರೆ ಡಾಕ್ಟರು ವಿಮಾನವೇ ಬೇಡ ಅಂದರು. ಸ್ವತಃ ಡಾಕ್ಟರಾದ ಇವರಿಗೆ ಅದು ಮೊದಲೇ ಗೊತ್ತಿತ್ತು, ಆದರೂ ಕೇಳಿದ್ದರು.

ಶಾರ್ಲೆಟ್‌ನಿಂದ ಮಗಳು ಡ್ರೈವ್ ಮಾಡಿಕೊಂಡು ಬಂದಾಗ ಅವಳಿಗೆ ಎಲ್ಲ ಹೇಳಿದೆವು. ಇವರು ಹೇಳುತ್ತಿದ್ದರು, ಬಿಟ್ಟಲ್ಲಿಂದ ನಾನು ಹೇಳುತ್ತಿದ್ದೆ. ಅವಳು, "ನನಗೆ ಅಕ್ಕ ಇದ್ದಳು?" ಅಂದಳು. ಸಣ್ಣವಳಿದ್ದಾಗ ಅಕ್ಕ ಬೇಕು ಅಂತ ಎಷ್ಟು ಹಟ ಮಾಡುತ್ತಿದ್ದಳು! ಆಮೇಲೆ ಇಂಗ್ಲಿಷಿನಲ್ಲಿ, ನಿಮ್ಮ ಬದಲು ನಾನು ಹೋಗಿ ಬರ್ತೀನಿ ಅಂದಳು.

ಏಪ್ರಿಲ್‌ನಲ್ಲಿ ಹೋದಳು. ಆ ಶನಿವಾರ ನಾವಿಬ್ಬರೂ ಹತ್ತು ಗಂಟೆಗೆ ಮೊದಲೇ ಟಿವಿ ಮುಂದೆ ಕೂತೆವು. ಗೋಲ್‌ಕೀಪರರ ಹೆಂಡತಿ ಅವಳನ್ನು ಕರೆದುಕೊಂಡು ದಿಬ್ಬ ಹತ್ತುವುದೆಂದು ಮಾತಾಗಿತ್ತು. ಆಟ ಶುರುವಾಗಿ ಎದುರಾಳಿಗಳು ಎರಡು ಗೋಲ್ ಹೊಡೆದರೂ ನಾನು ಇವರಿಗೆ ಹೇಳಲಿಲ್ಲ, ಇವರೂ ಕೇಳಲಿಲ್ಲ.

"ಬಂದಳು," ಅಂದೆ.

"ಯಾವ ಕಡೆಯಿಂದ?"

"ಕೆಳಗಿನಿಂದ. ಹಳದಿ ಕೋಟು ಹಾಕಿದ್ದಾಳೆ. ಅವರ ಕೈ ಹಿಡ್ಕೊಂಡು ನಿಧಾನಕ್ಕೆ ಹತ್ತಿಸ್ತಿದ್ದಾಳೆ. ಅಯ್ಯೋ, ಕ್ಯಾಮೆರಾ ಆ ಕಡೆ ಹೋಯ್ತು."

ಇವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಯಾರೋ ಚೆಂಡನ್ನು ಬಲಕ್ಕೆ ಒದ್ದರು, ಕ್ಯಾಮೆರಾ ತಿರುಗಿತು.

"ಮರದ ಕೆಳಗಿದ್ದಾಳೆ. ಕೂತಿದ್ದಾಳೆ. ನೆಲದ ಮೇಲೆ ಕೈ ಇಟ್ಟಿದ್ದಾಳೆ, ರೀ. ಈಗ ಎದ್ದಳು. ನಮ್ಮ ಕಡೆ ಕೈ ಬೀಸ್ತಿದ್ದಾಳೆ."

ಇವರು ಟಿವಿಯ ಕಡೆ ಕೈ ಎತ್ತಿ ಬೀಸಿದರು. ನಾನು ಅದನ್ನು ನೋಡಿ ತಡೆಯಲಾರದೆ ಹೋದೆ. ತಂಡ ಆ ದಿನ ಐದು ಗೋಲುಗಳಿಂದ ಸೋತಿತು.

ಜೂನ್‌ನಲ್ಲಿ ಇವರು ಹೋಗಿಬಿಟ್ಟರು. ಬೆಳಗಿನ ಕಾಫಿ ಕುಡಿದು, ಪೇಪರು ಓದಿ ಹೇಳು ಅಂತ ನನ್ನನ್ನು ಕರೆದರು. ನಾನು ಕನ್ನಡಕ ತರುವಷ್ಟರಲ್ಲಿ ತಲೆ ವಾಲಿತ್ತು. ಹರ್ನ್‌ಡನ್, ಸೆಂಟರ್‌ವಿಲ್‌ನ ನಮ್ಮ ಜನ ಅಡುಗೆ ತಂದರು, ಮಗಳ ಜೊತೆ ಓಡಾಡಿದರು, ಏನೂ ಕಡಿಮೆ ಮಾಡಲಿಲ್ಲ. ಹೊಸ ಸೀಸನ್ನಿನ ಮೊದಲ ಮ್ಯಾಚಿನಲ್ಲಿ ಕ್ಲಬ್ಬಿನ ಹುಡುಗರು ತೋಳಿಗೆ ಕಪ್ಪು ಪಟ್ಟಿ ಕಟ್ಟಿ ಒಂದು ನಿಮಿಷ ಸುಮ್ಮನೆ ನಿಂತರು. ಅವರಲ್ಲಿ ಒಬ್ಬರೂ ಇವರನ್ನು ಕಂಡವರಲ್ಲ. ಅದನ್ನು ನಾನು ಒಬ್ಬಳೇ ನೋಡಿದೆ.

ಆ ಸೀಸನ್ ಮುಗಿಯುವ ಹೊತ್ತಿಗೆ ತಂಡ ಎಲ್ಲರಿಗಿಂತ ಕೆಳಗಿತ್ತು. ಕೊನೆಯ ನಿರ್ಣಾಯಕ ಪಂದ್ಯವನ್ನೂ ಸೋತು ಲೀಗಿನಿಂದ ಹೊರಬಿತ್ತು. ಅದಕ್ಕಿಂತ ಕೆಳಗಿನ ಲೀಗಿನಲ್ಲಿ ಕ್ಯಾಮೆರಾ ಇಲ್ಲ, ಮೈದಾನ ನೋಡಿಕೊಳ್ಳುವ ಜನವೂ ಇಲ್ಲ. ಗೋಲ್‌ಕೀಪರರ ಹೆಂಡತಿಯನ್ನು ಅವರ ಮಗ ಬೇರೆ ಊರಿನ ವೃದ್ಧರ ಮನೆಗೆ ಸೇರಿಸಿದರು. ಒಂದು ಸಲ ಫೋನಿನಲ್ಲಿ ಅವರಿಗೆ ನನ್ನ ಗುರುತು ಸಿಗಲಿಲ್ಲ.

ಕಳೆದ ಬೇಸಿಗೆಯಲ್ಲಿ ಮಗಳು ನನ್ನನ್ನು ಕರೆದುಕೊಂಡು ಹೋದಳು. ಮೈದಾನದ ಗೇಟಿಗೆ ಬೀಗ ಇತ್ತು. ದಿಬ್ಬ ನಾನು ಅಂದುಕೊಂಡದ್ದಕ್ಕಿಂತ ಕಡಿದು, ಮಗಳು ಸೊಂಟ ಹಿಡಿದು ಹತ್ತಿಸಿದಳು. ಮಗುವಿನ ಜಾಗಕ್ಕೆ ಕಲ್ಲಿಲ್ಲ, ಗುರುತಿಲ್ಲ, ಹುಲ್ಲು ಮೊಣಕಾಲಿನವರೆಗೆ ಬೆಳೆದಿತ್ತು. ಹೆತ್ತವಳು ನಾನು, ಜಾಗ ಗೊತ್ತಿದ್ದದ್ದು ಅವಳಿಗೆ.

"ಇಲ್ಲಿ ಅಮ್ಮ," ಅಂದಳು, ಅವಳ ಆ ಅಮೆರಿಕನ್ ಕನ್ನಡದಲ್ಲಿ. "ಅಕ್ಕ ಇಲ್ಲಿ."

ನಾನು ಕೂತೆ. ಕೈಗೆ ಸಿಕ್ಕಷ್ಟು ಹುಲ್ಲು ಕಿತ್ತೆ. ಮಗಳು ಎದುರಿಗೆ ಕೂತು ಅವಳೂ ಕೀಳತೊಡಗಿದಳು. ಗಾಳಿಗೆ ಮಾತು ಕೇಳುವಂತಿರಲಿಲ್ಲ. ಇಬ್ಬರೂ ಸೇರಿ ಒಂದು ಮಗು ಮಲಗುವಷ್ಟು ಜಾಗ ಚೊಕ್ಕಟ ಮಾಡಿದೆವು.