ಜೂನ್ ಒಂದರ ಕೇಕು

ಹುಬ್ಬಳ್ಳಿಯ ಹೋಟೆಲೊಂದರಲ್ಲಿ ನಮ್ಮಂಥ ಲೆಕ್ಕಪರಿಶೋಧಕರಿಗೆ ತರಬೇತಿ ನಡೆಯಿತು. ಕಡುಬೇಸಿಗೆಯಲ್ಲೂ ಟೈ ಬಿಗಿದುಕೊಂಡು ಬಂದಿದ್ದ ಭಾಷಣಕಾರ, ಗ್ರಾಹಕರ ಹುಟ್ಟುಹಬ್ಬ ನೆನಪಿಟ್ಟರೆ ಅವರು ಜೀವನಪೂರ್ತಿ ನಮ್ಮವರಾಗುತ್ತಾರೆ ಎಂದ. ನಾನು ನಂಬಿದೆ.

ನವಲಗುಂದಕ್ಕೆ ಮರಳಿ ಗ್ರಾಹಕರ ಪ್ಯಾನ್ ಕಾರ್ಡು ನೋಡಿದರೆ ಮುಕ್ಕಾಲು ಮಂದಿ ಜೂನ್ ಒಂದರಂದೇ ಹುಟ್ಟಿದ್ದರು. ಶಾಲೆಗೆ ಸೇರಿಸುವಾಗ ಮಾಸ್ತರರು ಎಲ್ಲರಿಗೂ ಅದೇ ತಾರೀಖು ಬರೆಯುತ್ತಿದ್ದರೆಂಬುದು ಇಲ್ಲೇ ಹುಟ್ಟಿ ಬೆಳೆದ ನನಗೆ ಹೊಳೆಯಲಿಲ್ಲ. ಅದು ತರಬೇತಿಯ ಮಹಿಮೆ. ಆ ದಿನ ಎಲ್ಲರಿಗೂ ಮೊಬೈಲಿನಲ್ಲಿ ಶುಭಾಶಯ ಕಳಿಸಿ, ನನ್ನ ದೊಡ್ಡ ಗ್ರಾಹಕರಾದ ಜಮಖಾನಿ ವ್ಯಾಪಾರಿಯ ಅಂಗಡಿಗೆ ಕೇಕು ಹಿಡಿದು ಹೋದೆ.

"ಯಾರ ಹುಟ್ಟಿದ ಹಬ್ಬರಿ?" ಎಂದರು.

"ನಿಮ್ದರಿ."

"ನಾ ಹುಟ್ಟಿದ್ದು ಜ್ವಾಳದ ಸುಗ್ಗ್ಯಾಗ." ಅವರು ಕೇಕು ಮುಟ್ಟಲಿಲ್ಲ. ಮುಖ ಸಣ್ಣದಾಯಿತು. "ಲೆಕ್ಕ ನೋಡೋರು ಸುಮ್ಸುಮ್ನ ಕೇಕು ತರೂದಿಲ್ಲ. ಖರೇ ಹೇಳ್ರಿ, ತೆರಿಗಿ ಆಫೀಸಿಂದ ಎಷ್ಟು ದೊಡ್ಡ ನೋಟಿಸ್ ಬಂದೈತಿ?"

ಏನೂ ಬಂದಿಲ್ಲವೆಂದು ಆಣೆ ಮಾಡಿದರೂ ನಂಬಲಿಲ್ಲ. ಕಚೇರಿಗೆ ಮರಳಿದರೆ, ಶುಭಾಶಯ ಓದಿ ಗಾಬರಿಯಾದವರು ಬಾಗಿಲಲ್ಲೇ ಕಾಯುತ್ತಿದ್ದರು. ಒಬ್ಬೊಬ್ಬರ ಖಾತೆಯನ್ನೂ ಕಂಪ್ಯೂಟರಿನಲ್ಲಿ ತೆರೆದು, ತೆರಿಗೆ ಇಲಾಖೆ ಏನೂ ಕೇಳಿಲ್ಲವೆಂದು ತೋರಿಸಿದೆ. ವರ್ಷಗಟ್ಟಲೆ ಕಣ್ಣುಮುಚ್ಚಿ ಸಹಿ ಹಾಕಿದವರು ಅಂದು ಮೊದಲ ಸಲ ತಮ್ಮ ಲೆಕ್ಕದ ಬಗ್ಗೆ ಪ್ರಶ್ನೆ ಕೇಳಿದರು. ನಾನೂ ಮೊದಲ ಸಲ ಬಿಡಿಸಿ ಹೇಳಿದೆ.

ಕೊನೆಗೆ ಬಂದ ಜಮಖಾನಿ ವ್ಯಾಪಾರಿ ತಮ್ಮ ಖಾತೆ ನೋಡಿ ಸಮಾಧಾನಪಟ್ಟು, "ಇನ್ನ ಮ್ಯಾಲೆ ನಮ್ಮ ಅಂಗಡಿಗೆ ಬರೇ ಕೈಲೆ ಬರ್ರಿ. ಚಾ ನಾವ ಕುಡಸ್ತೇವಿ," ಎಂದರು.