ಬೇರೆಯವರ ಕೊಂಡಿ ಬಿಚ್ಚಿ ಕಟ್ಟಿದ ಅಧ್ಯಕ್ಷೆ

ಇನ್ನೂ ನಸುಕು. ಇಳಕಲ್ಲಿನ ನೇಕಾರರ ಓಣಿಯ ಪಡಸಾಲೆಯೊಂದರಲ್ಲಿ ಇಂದ್ರಾಬಾಯಿ ಆಗಲೇ ಕೆಲಸಕ್ಕೆ ಕುಳಿತಿದ್ದಾರೆ. ಎಡಕ್ಕೆ ಸೀರೆಯ ಒಡಲಿನ ಹತ್ತಿ ಎಳೆಗಳು, ಬಲಕ್ಕೆ ಸೆರಗಿನ ರೇಷ್ಮೆ ಎಳೆಗಳು. ಒಂದರ ಕುಣಿಕೆಯೊಳಗೆ ಇನ್ನೊಂದನ್ನು ಸಿಕ್ಕಿಸುವುದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಕೊಂಡಿ ಸಡಿಲಾದರೆ ಸೆರಗು ಒಡಲಿನಿಂದ ಬಿಟ್ಟುಕೊಳ್ಳುತ್ತದೆ. ಇಂದ್ರಾಬಾಯಿಯವರ ಕೈ ನಡುಗುತ್ತಿದೆ, ಎಳೆ ಮತ್ತೆ ಮತ್ತೆ ಜಾರುತ್ತಿದೆ.

ಗಂಡ ತೀರಿದ ಮೇಲೆ ಓಣಿಯ ಹೆಂಗಸರನ್ನು ಕೂಡಿಸಿ ನೇಕಾರರ ಸಂಘ ಕಟ್ಟಿದವರು ಇವರು. ಅಂದಿನಿಂದ ಇವರೇ ಅಧ್ಯಕ್ಷೆ. ನೂಲು ತರುವುದಕ್ಕೂ ಇವರೇ, ವ್ಯಾಪಾರಿಯ ಮುಂದೆ ದನಿ ಎತ್ತುವುದಕ್ಕೂ ಇವರೇ. ಈ ಸಂಘದ ಸೀರೆ ತಿರುಗಿ ಬರುವುದಿಲ್ಲ ಎಂದು ಊರೆಲ್ಲ ಹೆಸರಿತ್ತು.

ಅವರ ಕತೆ ಬರೆದುಕೊಳ್ಳಲು ಬಂದ ನಾನು ಆ ಹೆಸರು ಹೇಗೆ ಉಳಿಯಿತೆಂದು ಕೇಳಿದರೆ ತಲೆ ತಗ್ಗಿಸುತ್ತಾರೆ. "ಮಂದಿ ಮನಿ ಸೊಸಿಗೆ ಅತ್ತಿ ಮುಂದ ನಿನ್ನ ಕೆಲಸ ಕೆಟ್ಟೈತಿ ಅಂತ ಹೆಂಗ ಹೇಳ್ಲಿರಿ? ಚಲೋ ಮಾಡೀಯವ್ವಾ ಅಂತಿದ್ನಿ. ನಸಕಿನ್ಯಾಗ ಬಂದು ಅವರ ಕೊಂಡಿ ನಾನ ಬಿಚ್ಚಿ ಮತ್ತ ಹಾಕತಿದ್ನಿ."

ವರ್ಷಗಟ್ಟಲೆ ಹೀಗೇ ನಡೆಯಿತು. ತಮಗೆ ಕೆಲಸ ಬರುತ್ತದೆಂದು ಎಲ್ಲರೂ ನಂಬಿದರು. ಒಮ್ಮೆ ಬಾಗಲಕೋಟೆಯ ತರಬೇತಿಯಲ್ಲಿ, ಮುಂದಾಳಾದವರು ಕೆಲಸ ಹಂಚಬೇಕು ಎಂದು ಹೇಳಿಕೊಟ್ಟರಂತೆ. ಇಂದ್ರಾಬಾಯಿ ಕೆಲಸವನ್ನೇನೋ ಹಂಚಿದರು, ತಪ್ಪನ್ನು ಮಾತ್ರ ಯಾರಿಗೂ ತೋರಿಸಲಿಲ್ಲ. ಒಳ್ಳೆಯ ಮನಸ್ಸು ಇಷ್ಟು ಹಾಳು ಮಾಡಬಲ್ಲದೇ ಎಂದು ನನಗೆ ಸಂಕಟವಾಗುತ್ತದೆ.

ಕೈ ನಡುಕ ಶುರುವಾಗಿ ಅವರಿಗೆ ತಿದ್ದಲಾಗದೆ ಹೋದ ಮೇಲೆ ಸೀರೆಗಳು ತಿರುಗಿ ಬರತೊಡಗಿದವು. ಹೆಂಗಸರು ನೂಲನ್ನು ಬೈದರು, ಆಮೇಲೆ ಒಬ್ಬರನ್ನೊಬ್ಬರು ಬೈದುಕೊಂಡರು, ಕೊನೆಗೆ ಬರುವುದನ್ನೇ ಬಿಟ್ಟರು. ಉಳಿದವಳು ಸವಿತಾ ಒಬ್ಬಳೇ. ಓಣಿಯ ಸೊಸೆಯರಲ್ಲೆಲ್ಲ ಚುರುಕಿನವಳು. ಹೋದ ತಿಂಗಳು ಇಂದ್ರಾಬಾಯಿ ಅವಳಿಗೆ ನಿಜ ಹೇಳಿದರು. ಅವಳು ಜಗಳ ಮಾಡಲಿಲ್ಲ, ಒಂದೇ ಮಾತು ಕೇಳಿದಳು.

"ಹಂಗಾರ ನಾ ಇಷ್ಟ ವರ್ಷ ಕಲತದ್ದ ಏನ್ರಿ, ಅಕ್ಕಾರ?"

ಮರುವಾರದಿಂದ ಸವಿತಾ ಹುನಗುಂದದ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದಾಳೆ.

ಸಂಘದಲ್ಲಿ ಈಗ ಅಧ್ಯಕ್ಷೆಯೊಬ್ಬರೇ ಇದ್ದಾರೆ. ಒಪ್ಪಿಕೊಂಡ ಕೊನೆಯ ಸೀರೆ ಅವರ ತೊಡೆಯ ಮೇಲಿದೆ, ಅದೂ ಮುಗಿಯುವ ಭರವಸೆಯಿಲ್ಲ. ಮೂಲೆಯಲ್ಲಿ ಸವಿತಾ ಕೊನೆಯದಾಗಿ ಹಾಕಿಹೋದ ಕೊಂಡಿ ಹಾಗೆಯೇ ಬಿದ್ದಿದೆ. ಅಲ್ಲಲ್ಲಿ ಸಡಿಲಾಗಿರುವುದು ನನ್ನ ಕಣ್ಣಿಗೂ ಕಾಣುತ್ತದೆ. ಯಾಕೆ ಮುಟ್ಟಿಲ್ಲ ಎಂದು ಕೇಳುತ್ತೇನೆ.

"ಅದನ್ನ ನಾ ಬಿಚ್ಚಂಗಿಲ್ರಿ," ಎನ್ನುತ್ತಾರೆ ಇಂದ್ರಾಬಾಯಿ. "ಆಕಿ ಒಮ್ಮೆ ಬರಲಿ. ತನ್ನ ಕೈಲೆ ತಾನ ಬಿಚ್ಚಿ, ನನಗ ಬಾಯಿ ತುಂಬ ಬೈದು ಹೋಗಲಿ. ಅಷ್ಟಾದ್ರ ಸಾಕ್ರಿ."