ನಾಲ್ಕಿಂಚಿನ ಡಿಸ್ಕಿಗೆ ಮೂರೂವರೆ ಇಂಚಿನ ಪೆಟ್ಟಿಗೆ

ಮಧುಗಿರಿಯಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇದೆ. ಬೋರ್ಡಿನ ಪ್ರಕಾರ ನಾನು ಮದುವೆ ಫೋಟೊದವನು. ನಿಜವಾದ ಕೆಲಸ ಆಮೇಲಿನದು. ಯಾರಾದರೂ ತೀರಿಕೊಂಡರೆ ಮನೆಯವರು ನನ್ನ ಹತ್ತಿರ ಬರುತ್ತಾರೆ. ಯಾವುದೋ ಮದುವೆಯ ಗುಂಪಿನಿಂದ ಅವರ ಮುಖ ಕತ್ತರಿಸಿ, ಹೆಗಲ ಮೇಲಿನ ಬೇರೆಯವರ ಕೈ ಅಳಿಸಿ, ಕೋಟು ತೊಡಿಸಿ, ಕಟ್ಟು ಹಾಕಿಸಿ ಕೊಡುತ್ತೇನೆ. ನಮ್ಮ ಕಡೆ ಬದುಕಿದ್ದಾಗ ಕೋಟು ಹಾಕಿದವರು ಕಡಿಮೆ, ಸತ್ತ ಮೇಲೆ ಹಾಕದವರಿಲ್ಲ.

ಹೋದ ವರ್ಷ ನನ್ನ ಹಳೇ ಕಂಪ್ಯೂಟರೇ ತೀರಿಕೊಂಡಿತು. ರಿಪೇರಿಯವನು ಒಳಗಿನ ಹಾರ್ಡ್ ಡಿಸ್ಕ್ ಬಿಚ್ಚಿ ಕೈಗಿಟ್ಟು, ಇದು ಚೆನ್ನಾಗಿದೆ, ಒಂದು ಕೇಸ್ ತಂದು ಇದನ್ನು ಅದರೊಳಗಿಟ್ಟು ಲ್ಯಾಪ್‌ಟಾಪಿಗೆ ಹಾಕಿ, ಬೇರೆ ಕಡೆಗೂ ಒಂದು ಕಾಪಿ ಮಾಡಿಕೊಳ್ಳಿ ಎಂದ. ಮಾಡೋಣ ಎಂದು ಬೀರುವಿನಲ್ಲಿಟ್ಟೆ. ಮೂರು ತಿಂಗಳು ಅಲ್ಲೇ ಇತ್ತು.

ಆಗ ಪಾವಗಡದ ಕಡೆ ಕ್ಯಾತಗಾನಚೆರ್ಲುವಿನಿಂದ ಒಬ್ಬ ಹೆಂಗಸು ಬಂದಳು. ಅವಳ ಮದುವೆಯ ಫೋಟೊ ತೆಗೆದವನು ನಾನೇ. ಅವಳ ತಂದೆ ತೀರಿಕೊಂಡು ಐದು ದಿನವಾಗಿತ್ತು, ಹನ್ನೊಂದನೇ ದಿನದ ಕಾರ್ಯಕ್ಕೆ ಫೋಟೊ ಬೇಕಿತ್ತು. ಮದುವೆಯ ಆಲ್ಬಮ್ಮನ್ನು ಗೆದ್ದಲು ತಿಂದಿತ್ತು. ಉಳಿದಿದ್ದು ಆಧಾರ್ ಕಾರ್ಡಿನದು ಒಂದೇ. ಅದನ್ನು ತೋರಿಸಿ, "ಇದು ನಮ್ಮ ನಾಯ್ನ ಅಲ್ಲಣ್ಣ. ಇದ್ಕೆ ಕೈ ಮುಗಿಯಾಕೆ ನಂಗಾಗಲ್ಲ" ಎಂದಳು.

ಅವಳ ಮದುವೆಯ ಫೋಟೊಗಳೆಲ್ಲ ಬೀರುವಿನಲ್ಲಿದ್ದ ಆ ಡಿಸ್ಕಿನಲ್ಲೇ ಇದ್ದವು. ಮಧುಗಿರಿಯಲ್ಲಿ ಕೇಸ್ ಸಿಗಲಿಲ್ಲ. ಶಿರಾದ ಕಂಪ್ಯೂಟರ್ ಅಂಗಡಿಗೆ ಫೋನ್ ಮಾಡಿದರೆ, ಅಲ್ಲಿನ ಸಾಹೇಬರು ಡಿಸ್ಕ್ ಎರಡೂವರೆ ಇಂಚಿನದೋ ಮೂರೂವರೆಯದೋ ಎಂದು ಕೇಳಿದರು. ಕಟ್ಟು ಅಳೆಯುವ ಟೇಪು ಹಿಡಿದೆ. ಅಗಲ ಸರಿಯಾಗಿ ನಾಲ್ಕಿಂಚು. ಇಷ್ಟು ವರ್ಷ ಫೋಟೊಗೆ ಕಟ್ಟು ಹಾಕಿಸಿದವನಿಗೆ ಇನ್ನೊಬ್ಬರು ಅಳತೆ ಹೇಳಿಕೊಡಬೇಕೇ? ಬಸ್ಸು ಹತ್ತಿ ಹೋಗಿ ನಾಲ್ಕಿಂಚಿನದು ಕೊಡಿ ಎಂದೆ. ಅಂಥದ್ದು ಎಲ್ಲೂ ಇಲ್ಲವೆಂದರು. ಮೂರೂವರೆಯೊಳಗೆ ನಾಲ್ಕು ಹೇಗೆ ತೂರುತ್ತದೆ ಎಂದು ನಾನೂ ಬಿಡಲಿಲ್ಲ. ಡಿಸ್ಕ್ ತೋರಿಸಿ ಎಂದರು. ಬಸ್ಸಿನ ಕುಲುಕಾಟಕ್ಕೆ ಹೆದರಿ ಅದನ್ನು ಮನೆಯಲ್ಲೇ ಬಿಟ್ಟಿದ್ದೆ. ಬರಿಗೈಯಲ್ಲಿ ಬಂದವನಿಗೆ ಹೆಂಡತಿ, ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹೇಳಿ ಊಟ ಬಡಿಸಿದಳು.

ಮಾರನೆಯ ದಿನ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಮತ್ತೆ ಹೋದೆ. ಸಾಹೇಬರು ಅದನ್ನು ನೋಡಿ, "ಮೂರೂವರೆ ಅಂತ ಕರೀತಾರೆ ಅಷ್ಟೇ ಸಾರ್. ಟೇಪ್ ಹಿಡ್ಕಂಡು ಯಾರೂ ಕರೆಯಲ್ಲ" ಎಂದರು. ಕಪಾಟಿನಲ್ಲಿದ್ದ ತೆಳ್ಳನೆಯ ಲೋಹದ ಕೇಸಿನ ಮೇಲೆ ನನಗೆ ಮನಸ್ಸಾಗಿತ್ತು. ಅದು ಲ್ಯಾಪ್‌ಟಾಪಿನ ಚಿಕ್ಕ ಡಿಸ್ಕಿಗೆ, ನಿಮ್ಮದು ತಿರುಗಬೇಕಾದರೆ ಬೇರೆ ಕರೆಂಟೇ ಬೇಕು ಎಂದು ಅವರು ಅಡಾಪ್ಟರ್ ಇರುವ ದಪ್ಪ ಪ್ಲಾಸ್ಟಿಕ್ ಡಬ್ಬವೊಂದನ್ನು ಮುಂದಿಟ್ಟರು. ನೋಡಲು ಚೆಂದವೇನೂ ಇರಲಿಲ್ಲ. ಡಿಸ್ಕ್ ಒಳಗೆ ಹೋಗಿ ಕೂತಿತು. ಕಾಪಿ ಇಡಲು ಒಂದು ಹೊಸ ಡಿಸ್ಕನ್ನೂ ಅವರೇ ಒತ್ತಾಯ ಮಾಡಿ ಕೊಟ್ಟರು.

ಎಲ್ಲವನ್ನೂ ಹೊಸದಕ್ಕೆ ಇಳಿಸಿಕೊಂಡು ಹುಡುಕಿದೆ. ಆ ಮನುಷ್ಯ ಮಗಳ ಮದುವೆಯಲ್ಲಿ ಒಂದು ಕಡೆ ನಿಂತವನೇ ಅಲ್ಲ. ಎಲ್ಲದರಲ್ಲೂ ಬೆನ್ನು, ಇಲ್ಲವೇ ಅರ್ಧ ಮುಖ. ಊಟದ ಪಂಕ್ತಿಯ ಒಂದೇ ಒಂದು ಫೋಟೊದಲ್ಲಿ ಸಾರಿನ ಬಕೆಟ್ಟು ಹಿಡಿದು, ಮುಂದಿನ ಹಲ್ಲು ಅರ್ಧ ಮುರಿದ ಬಾಯಿಯನ್ನು ಪೂರ್ತಿ ತೆರೆದು ನಗುತ್ತಿದ್ದ. ಮುಖವನ್ನು ದೊಡ್ಡದು ಮಾಡಿ, ಆ ಹಲ್ಲನ್ನು ನಾಜೂಕಾಗಿ ತುಂಬಿದೆ. ಗೊತ್ತೇ ಆಗುತ್ತಿರಲಿಲ್ಲ. ನನ್ನ ಕೈಚಳಕಕ್ಕೆ ನಾನೇ ಮೆಚ್ಚಿದೆ.

ಒಂಬತ್ತನೇ ದಿನ ಅವಳು ಬಂದು ಪರದೆಯ ಮುಂದೆ ಕೂತಳು. ನಾನು ತುಂಬಿದ ಹಲ್ಲಿನ ಮೇಲೆ ಬೆರಳಿಟ್ಟಳು.

"ಆ ಹಲ್ಲು ಮುರುದಿದ್ದು ನನ್ ಮದ್ವೆಗೆ ಚಪ್ರ ಹಾಕಾವಾಗ ಬಿದ್ದು ಕಣಣ್ಣ," ಎಂದಳು. "ಅದ್ನ ತುಂಬ್‌ಬ್ಯಾಡ."

ನನಗೆ ನಾಚಿಕೆಯಾಯಿತು. ಹೊಸ ಡಿಸ್ಕಿನ ಕಾಪಿಯ ಮೇಲೇ ತಿದ್ದಿದ್ದನ್ನು ಅಳಿಸಿ, ಡಬ್ಬದ ವೈರು ಚುಚ್ಚಿ, ಹಳೇ ಡಿಸ್ಕಿನಿಂದ ಅವಳ ತಂದೆಯನ್ನು ಇದ್ದ ಹಾಗೇ ತೆಗೆದುಕೊಟ್ಟೆ.